ಅಳವಂಡಿಯಲ್ಲಿ ಸೋತ ದಪ್ಪು

ದಪ್ಪಿನಣ್ಣ ಹೋದ ಸುದ್ದಿ ನನಗೆ ಮುಟ್ಟಿದ್ದು ಮೂರು ದಿನ ತಡವಾಗಿ. ಕೊಪ್ಪಳದ ಸಂತೆಯಲ್ಲಿ ಗಿಣಿಗೇರಾದವನೊಬ್ಬ ಮೆಣಸಿನಕಾಯಿ ತೂಗುತ್ತಿದ್ದ. ತಕ್ಕಡಿಯಿಂದ ಕಣ್ಣು ತೆಗೆಯದೆ, "ನಿಮ್ಮ ದಪ್ಪಿನವ ತೀರ್ಕೊಂಡ್ನಲ್ರಿ ಮಾಸ್ತರ. ಮಂಗಳಾರ ಮಣ್ಣು ಮಾಡಿದ್ವಿ" ಎಂದ. ನನಗೆ ಯಾಕೆ ಹೇಳಿ ಕಳಿಸಲಿಲ್ಲ ಎಂದು ಕೇಳಿದೆ. "ಕಳಸೂಣು ಅಂದಿದ್ವಿರಿ. ಸಾಯೂ ಮುಂಚೆ ಅವನ ಬ್ಯಾಡ ಅಂದ. ಮಾಸ್ತರ ಬಂದ್ರ ಬಾಜೂಕ ನಿಂತು ಗೀಯ ಗೀಯ ಅಂತ ಸೂರು ಎಳೀತಾನ, ಶಾಂತ ಹೋಗಾಕ ಬಿಡೂದಿಲ್ಲ ಅಂದ" ಎಂದ. ಹೋಗುವಾಗಲೂ ನನ್ನ ದನಿಯ ಮೇಲೆ ಒಂದು ಮಾತು ಹಾಕಿಯೇ ಹೋಗಿದ್ದಾನೆ. ಮೆಣಸಿನಕಾಯಿ ತೆಗೆದುಕೊಳ್ಳುವುದನ್ನು ಬಿಟ್ಟು ಮನೆಗೆ ಬಂದೆ. ಹೆಂಡತಿ ಬರಿಗೈ ನೋಡಿ ಬೈಯಲು ಬಾಯಿ ತೆರೆದವಳು ವಿಷಯ ಕೇಳಿ ಒಲೆಯ ಕಡೆ ಹೋದಳು. ಅವತ್ತು ನಮ್ಮ ಮನೆಯ ಸಾರು ಸಪ್ಪಗಿತ್ತು.

ಅವನ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೂ ಪ್ರಯೋಜನವಿಲ್ಲ; ಕುಷ್ಟಗಿಯಿಂದ ಗಂಗಾವತಿಯ ತನಕ ಜನ ಅವನನ್ನು ದಪ್ಪಿನವ ಎಂದೇ ಕರೆಯುತ್ತಿದ್ದರು. ಮೇಳದ ನಾವು ದಪ್ಪಿನಣ್ಣ ಎನ್ನುತ್ತಿದ್ದೆವು. ತನ್ನ ಸ್ವಂತ ಹೆಸರು ಹಿಡಿದು ಯಾರಾದರೂ ಕೂಗಿದರೆ ಅವನು ತಿರುಗಿ ನೋಡುತ್ತಲೇ ಇರಲಿಲ್ಲ.

ಗೀಗೀ ಮೇಳವೆಂದರೆ ಮೂರು ಜನ. ಮುಂದೆ ನಿಂತು, ಚರ್ಮ ಬಿಗಿದ ದಪ್ಪು ಬಾರಿಸುತ್ತ ಹಾಡುವವನು ಒಬ್ಬ. ಹಿಂದೆ ಒಂಟಿ ತಂತಿಯ ತುಂತುಣಿ ಮೀಟುವವನು ಒಬ್ಬ, ತಾಳ ಹಾಕುವವನು ಒಬ್ಬ. ಮುಂದಿನವನು ಒಂದು ನುಡಿ ಮುಗಿಸಿದ ಕೂಡಲೇ ಹಿಂದಿನ ಇಬ್ಬರೂ ‘ಗೀಯ ಗೀಯ ಗಾಗೀಯ’ ಎಂದು ಸೂರು ಹಿಡಿಯಬೇಕು. ಮುಂದಿನವನಿಗೆ ಮುಂದಿನ ನುಡಿ ನೆನಪಾಗುವ ತನಕ ಎಳೆಯುತ್ತಲೇ ಇರಬೇಕು. ನಾನು ಹನ್ನೊಂದು ವರ್ಷ ಎಳೆದೆ. ತುಂತುಣಿ ನನ್ನದು. ತಾಳ ಗಿಣಿಗೇರಾದ ಒಬ್ಬ ಮುದುಕನದು. ಆ ಮುದುಕನಿಗೆ ಮಾತು ಕಡಿಮೆ. ಏನಾದರೂ ಕೇಳಿದರೆ ಹೌದು ಅನ್ನಲು ಒಂದು ಸಲ, ಇಲ್ಲ ಅನ್ನಲು ಎರಡು ಸಲ ತಾಳ ಹಾಕುತ್ತಿದ್ದ.

ನಾನು ಉರ್ದು ಸಾಲಿಯಲ್ಲಿ ಕಲಿತು ಯಲಬುರ್ಗಾದಲ್ಲಿ ಒಬ್ಬ ವಕೀಲರ ಹತ್ತಿರ ಅರ್ಜಿ ನಕಲು ಮಾಡುತ್ತಿದ್ದವನು. ನೆರಳಿನ ಕೆಲಸ, ಕೂತು ಮಾಡುವ ಕೆಲಸ. ಅದನ್ನು ಬಿಟ್ಟು ಬಿಸಿಲಲ್ಲಿ ನಡೆಯುವ ಕೆಲಸಕ್ಕೆ ಯಾಕೆ ಹೋದೆ ಎಂದು ನಮ್ಮಪ್ಪ ಸಾಯುವ ತನಕ ಕೇಳಿದರು. ಒಂದು ದಿನ ದಪ್ಪಿನಣ್ಣನ ಹಾಡು ಕೇಳಿದೆ, ಮರುದಿನ ಕಚೇರಿಗೆ ಹೋಗಲಿಲ್ಲ, ಇಷ್ಟೇ ಕಾರಣ. ಅವನ ಮುಂದೆ ನಿಂತು ಒಂದು ಪದ ಹಾಡಿ ತೋರಿಸಿದೆ. ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದ. "ನಿನ್ನ ದನಿ ಛಲೋ ಇಲ್ಲ. ಆದ್ರ ಭಾಳ ಉದ್ದ ಐತಿ. ಹಿಂದ ನಿಲ್ಲು" ಎಂದ. ಹೀಗೆ ನನಗೆ ನೌಕರಿ ಸಿಕ್ಕಿತು.

ನಡೆಯುವಾಗಲೂ ಅವನು ನಮಗಿಂತ ನಾಲ್ಕು ಹೆಜ್ಜೆ ಮುಂದೆ. ತಿರುಗಿ ನೋಡುವ ಅಭ್ಯಾಸವಿಲ್ಲ. ಮಾತೆಲ್ಲ ಮುಂದಕ್ಕೆ ಆಡುತ್ತಿದ್ದುದರಿಂದ ಗಾಳಿ ಎದುರಿನಿಂದ ಬಂದ ದಿನ ಪೂರ್ತಿ ಕೇಳುತ್ತಿತ್ತು, ಹಿಂದಿನಿಂದ ಬಂದ ದಿನ ಏನೂ ಕೇಳುತ್ತಿರಲಿಲ್ಲ. ನಾವು ಎರಡೂ ದಿನ "ಹೂಂ" ಅನ್ನುತ್ತಿದ್ದೆವು. ಮಳೆ ಬಂದರೆ ಕಂಬಳಿ ತೆಗೆದು ದಪ್ಪಿಗೆ ಸುತ್ತಿ ತಾನು ತೋಯಿಸಿಕೊಳ್ಳುತ್ತಿದ್ದ. ಚರ್ಮ ತಂಪು ಹಿಡಿದರೆ ದಪ್ಪು ನುಡಿಯುವುದಿಲ್ಲ ನಿಜ; ಆದರೆ ಮನುಷ್ಯನ ಗಂಟಲು ತಂಪು ಹಿಡಿದರೂ ನುಡಿಯುವುದಿಲ್ಲ ಎಂದು ನಾನು ಹೇಳಿದ್ದಕ್ಕೆ, "ಗಂಟಲಾ ನಂದು. ದಪ್ಪು ನಮ್ಮ ಗುರುವಿಂದು" ಎಂದ. ಯಾವ ಊರು ಮುಟ್ಟಿದರೂ ಮೊದಲು ಒಲೆ ಹುಡುಕುತ್ತಿದ್ದ. ದಪ್ಪು ಕಾಯಿಸಿ, ಬೆರಳ ತುದಿಯಿಂದ ಬಡಿದು, ಕಿವಿ ಹತ್ತಿರ ಹಿಡಿದು, ಆಮೇಲೆ ನೀರು ಕೇಳುತ್ತಿದ್ದ. ಹೊಳೆ ಅಡ್ಡ ಬಂದರೆ ದಪ್ಪು ಅವನ ತಲೆ ಮೇಲೆ ಕೂತು ದಾಟಿದ ಮೇಲೆಯೇ ನಾವು ನೀರಿಗೆ ಕಾಲಿಡಬೇಕು.

ಹಾಡಿನಲ್ಲಿ ಅವನಿಗೆ ಸಮ ಯಾರೂ ಇರಲಿಲ್ಲ. ನಾನು ಅವನ ಹಿಂದೆ ನಿಂತವನೆಂದು ಹೇಳುತ್ತಿಲ್ಲ. ಎದುರಿನವರು ಎಂಥ ತೊಡಕಿನ ಸವಾಲು ಹಾಕಲಿ, ನಾವು ‘ಗೀಯ’ ಅನ್ನುವುದರೊಳಗೆ ಅವನ ಬಾಯಲ್ಲಿ ಜವಾಬು ತಯಾರು. ಅಕ್ಷರ ಬಾರದು, ಪುಸ್ತಕ ಹಿಡಿದವನಲ್ಲ, ಎಲ್ಲಿಂದ ಬರುತ್ತಿತ್ತೋ ಶಿವನೇ ಬಲ್ಲ.

ಹಾಡಿನಿಂದ ಕೆಳಗಿಳಿದ ಮೇಲೆ ಇದೇ ಮನುಷ್ಯ ಯಾವ ಪ್ರಶ್ನೆಗೂ ಉತ್ತರ ಕೊಡುತ್ತಿರಲಿಲ್ಲ. "ಮಜ್ಜಿಗಿ ಹಾಕ್ಲೇನ್ರಿ?" ಎಂದು ಮನೆಯಾಕೆ ಕೇಳಿದರೆ, "ನೋಡೂಣಂತ." ಆಕೆ ಮಜ್ಜಿಗೆಯ ಗಡಿಗೆ ಹಿಡಿದುಕೊಂಡು ಎಷ್ಟು ಹೊತ್ತು ನಿಲ್ಲಬೇಕು ಹೇಳಿ. ಕುಷ್ಟಗಿ ಸಂತೆಯಲ್ಲಿ ಒಂದು ಜೋಡು ಚಪ್ಪಲಿ ಕೊಳ್ಳಲು ಅವನಿಗೆ ಮೂರು ಸಂತೆ ಹಿಡಿಯಿತು. ಮೊದಲ ಸಂತೆಯಲ್ಲಿ ಬಲಗಾಲಿನದು ಹಾಕಿ ನೋಡಿದ, ಎರಡನೆಯದರಲ್ಲಿ ಎಡಗಾಲಿನದು. ಕ್ಷೌರದವನು ಮೀಸೆ ಇಡಲೋ ತೆಗೆಯಲೋ ಎಂದು ಕೇಳಿದಾಗ ಇವನು ಯೋಚನೆಗೆ ಬಿದ್ದು, ಅವನು ಬೇಸತ್ತು ಅರ್ಧ ಬೋಳಿಸಿದಾಗಲೇ ತೀರ್ಮಾನವಾಗಿದ್ದು. ನಾನು ಒಮ್ಮೆ ಸಿಟ್ಟಿಗೆದ್ದು, "ಯಣ್ಣಾ, ಹಾಡಿನ್ಯಾಗ ಹೆಂಗ ಅಷ್ಟು ಲಗೂನ ಹೇಳ್ತಿ?" ಎಂದು ಕೇಳಿದೆ. "ಅಲ್ಲಿ ಹೇಳದಿದ್ರ ದಪ್ಪು ಹೋಗ್ತೈತಲ್ಲೋ" ಎಂದ.

ಅದು ಮಾತಿನ ಮಾತಲ್ಲ, ನಮ್ಮ ಹಾಡಿಕೆಯ ನೇಮ. ಎರಡು ಪಕ್ಷ ಇರುತ್ತವೆ. ಹರದೇಶಿಯವರು ಗಂಡು ಹೆಚ್ಚು ಎಂದು ಹಾಡಬೇಕು, ನಾಗೇಶಿಯವರು ಹೆಣ್ಣು ಹೆಚ್ಚು ಎಂದು ಹಾಡಬೇಕು. ಪದದಲ್ಲೇ ಸವಾಲು, ಪದದಲ್ಲೇ ಜವಾಬು. ಸವಾಲು ಬಿದ್ದ ಮೇಲೆ ಹಿಂದಿನವರು ಮೂರು ಸುತ್ತು ಸೂರು ಹಿಡಿಯುತ್ತಾರೆ. ಅಷ್ಟರೊಳಗೆ ಜವಾಬು ಬಾರದಿದ್ದರೆ ಸೋಲು. ಸಣ್ಣ ಸೋಲಿಗೆ ಒಂದು ಟೆಂಗಿನಕಾಯಿ ಒಪ್ಪಿಸಿದರೆ ಮುಗಿಯಿತು. ಆದರೆ ಎದುರಿನವರು ತಮ್ಮ ದಪ್ಪನ್ನು ನೆಲಕ್ಕಿಟ್ಟು ಸವಾಲು ಹಾಕಿದರೆ ಅದು ದಪ್ಪಿನ ಸವಾಲು. ಅದಕ್ಕೆ ಸೋತವನು ತನ್ನ ದಪ್ಪು ಬಿಚ್ಚಿಕೊಡಬೇಕು. ಆ ಸವಾಲಿಗೆ ಜವಾಬು ಹೇಳಿ ಬಿಡಿಸಿಕೊಳ್ಳುವ ತನಕ ಮತ್ತೊಂದು ದಪ್ಪು ಮುಟ್ಟುವ ಹಾಗಿಲ್ಲ.

ನಾವು ಹರದೇಶಿ. ನಮಗೆ ಎದುರಾಗಿ ಹಾಡುತ್ತಿದ್ದ ನಾಗೇಶಿ ಮೇಳದ ಮುಂದಾಳು ಒಬ್ಬ ಹೆಂಗಸು. ಹೊಳೆಯ ನಡುವಿನ ವಿರೂಪಾಪುರಗಡ್ಡೆಯವಳು. ಅದಕ್ಕೇ ನಾವು ಗಡ್ಡಿಯಾಕಿ ಎನ್ನುತ್ತಿದ್ದೆವು. ಸಣ್ಣ ವಯಸ್ಸಿನಲ್ಲೇ ಗಂಡ ತೀರಿಕೊಂಡಿದ್ದ. ಇಬ್ಬರು ತಮ್ಮಂದಿರನ್ನು ಹಿಂದೆ ನಿಲ್ಲಿಸಿಕೊಂಡು ಊರೂರು ತಿರುಗಿ ಹಾಡುತ್ತಿದ್ದಳು. ಅವಳ ಬಾಯಿಗೆ ಹೆದರಿ ಗಂಡಸರ ಮೇಳಗಳು ಅವಳೆದುರು ಹಾಡಲು ವೀಳ್ಯ ಹಿಡಿಯುತ್ತಿರಲಿಲ್ಲ. ದಪ್ಪಿನಣ್ಣ ಒಬ್ಬನೇ ಹಿಡಿದ. ಮೊದಲ ಸಲ ಎದುರಾದಾಗ ಇಬ್ಬರೂ ಸೋಲಲಿಲ್ಲ. ಎರಡನೆಯ ಸಲವೂ ಇಲ್ಲ. ಮೂರನೆಯ ಸಲ ಹಾಡಿಗೆ ಮುಂಚೆಯೇ ಕೆರೆಯ ಏರಿಯ ಮೇಲೆ ಕೂತು ಒಪ್ಪಂದಕ್ಕೆ ಬಂದರು. ಯಲಬುರ್ಗಾ ಕಡೆ ಅವಳು ಸೋಲಬೇಕು, ಕುಷ್ಟಗಿ ಕಡೆ ಅವನು ಸೋಲಬೇಕು. ಕೊಪ್ಪಳ, ಗಂಗಾವತಿ ಕಡೆ ಸರದಿಯ ಮೇಲೆ. ಸೋಲೆಲ್ಲ ಟೆಂಗಿನಕಾಯಿಯದು, ದಪ್ಪು ನೆಲಕ್ಕಿಡುವ ಮಾತೇ ಇಲ್ಲ. ಏಳು ವರ್ಷ ಹೀಗೇ ನಡೆಯಿತು. ಮೋಸವೆಂದು ಯಾರಾದರೂ ಅನ್ನಬಹುದು. ಹಾಡು ಮೋಸದ್ದಾಗಿರಲಿಲ್ಲ, ಸೋಲಷ್ಟೇ ಮೊದಲೇ ಗೊತ್ತಿರುತ್ತಿತ್ತು.

ಒಪ್ಪಂದವಾದ ಮೇಲೆ ಎರಡೂ ಮೇಳ ಕೂಡಿಯೇ ತಿರುಗಾಡಿದೆವು. ಒಂದೇ ಒಲೆ, ಒಂದೇ ಬುತ್ತಿ. ಅವಳ ತಮ್ಮಂದಿರು ರೊಟ್ಟಿ ಛಲೋ ಬಡಿಯುತ್ತಿದ್ದರು. ಆದರೆ ಊರಿನ ಬೇವಿನ ಮರಗಳು ಕಣ್ಣಿಗೆ ಬಿದ್ದ ಕೂಡಲೇ ಬೇರೆಯಾಗುತ್ತಿದ್ದೆವು. ನಾವು ಊರ ಈ ಅಗಸಿ ಬಾಗಿಲಿಂದ, ಅವರು ಒಂದು ಮೈಲು ಬಳಸಿ ಆ ಅಗಸಿಯಿಂದ. ಹಗೆಗಳು ಕೂಡಿ ಬಂದರೆ ಹಾಡು ಕೇಳುವವರಾರು? ಊರವರೂ ನಮ್ಮ ಹಗೆತನಕ್ಕೆ ಭಾಳ ಮರ್ಯಾದೆ ಕೊಡುತ್ತಿದ್ದರು. ಒಬ್ಬರನ್ನು ಊರಿನ ಈ ತುದಿಯಲ್ಲಿ, ಇನ್ನೊಬ್ಬರನ್ನು ಆ ತುದಿಯಲ್ಲಿ ಇಳಿಸಿ, ನಡುವೆ ಒಬ್ಬ ತಳವಾರನನ್ನು ಕೂರಿಸುತ್ತಿದ್ದರು.

ಒಮ್ಮೆ ಹಿರೇಹಳ್ಳದಲ್ಲಿ ಎರಡೂ ಮೇಳದವರು ಬಟ್ಟೆ ಒಗೆಯುತ್ತಿದ್ದಾಗ ಮುಂದಿನ ಊರಿನ ಇಬ್ಬರು ಎತ್ತಿಗೆ ನೀರು ಕುಡಿಸಲು ಬಂದುಬಿಟ್ಟರು. ದಪ್ಪಿನಣ್ಣ ತಕ್ಷಣ ಎದ್ದು ನಿಂತು ಹೆಂಗಸಿನ ಬುದ್ಧಿಯ ಮೇಲೆ ಆರು ನುಡಿ ಕಟ್ಟಿ ಬೈದ. ಗಡ್ಡಿಯಾಕಿ ಸೀರೆ ಹಿಂಡುತ್ತಲೇ ಗಂಡಸಿನ ಮೀಸೆಯ ಮೇಲೆ ಎಂಟು ನುಡಿ ಹೇಳಿದಳು. ಎತ್ತುಗಳು ಕುಡಿದು ಮುಗಿಸಿದರೂ ಅವರಿಬ್ಬರು ಹೋಗಲಿಲ್ಲ. ಇವರು ನಿಲ್ಲಿಸುವ ಹಾಗಿಲ್ಲ. ಕೊನೆಗೆ ಅವರು ತಲೆದೂಗುತ್ತ ಏರಿ ಹತ್ತಿ ಮರೆಯಾದ ಮೇಲೆ ಗಡ್ಡಿಯಾಕಿ, "ಆ ಸಾಬಾಣ ಇತ್ತಾಗ ಒಗಿ" ಎಂದಳು. ಅವನು ಕೊಟ್ಟ.

ಅದು ನಿಜಾಮರ ಕಾಲ. ಕೊನೆಕೊನೆಗೆ ಹತ್ತು ಜನ ಸೇರಬೇಕಾದರೂ ಪರವಾನಗಿ ಬೇಕಾಗಿತ್ತು. ಒಂದು ಊರಿನ ಪೊಲೀಸ್ ಅಮೀನ, ಹಾಡುವುದನ್ನೆಲ್ಲ ಮೊದಲೇ ಉರ್ದುವಿನಲ್ಲಿ ಬರೆದುಕೊಡಬೇಕು ಎಂದ. ಉರ್ದು ಬರುವವನು ನಾನೊಬ್ಬನೇ, ಕೂತು ಬರೆದೆ. ಅಮೀನ ಓದಿ ನೋಡಿ, "ಇದರಲ್ಲಿ ಸವಾಲು ಮಾತ್ರ ಇದೆ. ಜವಾಬು ಎಲ್ಲಿ?" ಎಂದು ಕೇಳಿದ. ಎದುರಿನವರ ಸವಾಲು ಕೇಳಿದ ಮೇಲೆಯೇ ಜವಾಬು ಹುಟ್ಟುತ್ತದೆ ಎಂದು ವಿವರಿಸಿದೆ. ಹಾಗಾದರೆ ಎದುರಿನವರ ಸವಾಲು ಏನೆಂದು ಕೇಳಿಕೊಂಡು ಬಾ ಎಂದ. ಅದನ್ನು ಮೊದಲೇ ಕೇಳುವುದು ನೇಮಕ್ಕೆ ವಿರುದ್ಧ ಎಂದೆ. ಒಪ್ಪಂದದ ಮಾತು ಸರಕಾರಕ್ಕೆ ಹೇಳುವುದುಂಟೇ? ಅಮೀನ ನ್ಯಾಯವಂತ. ಸ್ವಲ್ಪ ಹೊತ್ತು ವಿಚಾರ ಮಾಡಿ, ಬರೆದುಕೊಟ್ಟ ಸವಾಲುಗಳಿಗೆ ಪರವಾನಗಿ ಉಂಟು, ಬರೆಯದ ಜವಾಬುಗಳಿಗೆ ಇಲ್ಲ ಎಂದು ಹುಕುಂ ಬರೆದ. ಅವತ್ತು ಎರಡೂ ಕಡೆಯವರು ಬರೀ ಸವಾಲು ಹಾಡಿದೆವು. ಯಾರೂ ಯಾರಿಗೂ ಉತ್ತರ ಕೊಡಲಿಲ್ಲ. ಒಬ್ಬ ಮುದುಕಿ ಎದ್ದು ಹೋಗುವಾಗ, "ನಮ್ಮ ಮನಿ ಇದ್ದಂಗ ಐತಿ" ಎಂದಳಂತೆ.

ಇನ್ನು ಹೇಳಬೇಕಾದ್ದಕ್ಕೆ ಬರುತ್ತೇನೆ. ಮಳೆ ಬಂದರೆ ಅವನ ಕಂಬಳಿ ದಪ್ಪಿಗೆ ಎಂದೆನಲ್ಲ. ಗಡ್ಡಿಯಾಕಿ ಕೂಡ ಬರತೊಡಗಿದ ಮೇಲೆ ಅವನು ತೋಯಿಸಿಕೊಳ್ಳುವುದು ನಿಂತಿತು. ಅವಳ ಕಂಬಳಿಯ ಒಂದು ಅಂಚು ಅವನ ತಲೆಯ ಮೇಲೆ ಇರುತ್ತಿತ್ತು. ಇದನ್ನು ನೋಡಿಯೂ ನಾವ್ಯಾರೂ ನೋಡಲಿಲ್ಲ. ತಾಳದ ಮುದುಕನನ್ನು ಒಮ್ಮೆ, "ಏನರ ಐತೇನು?" ಎಂದು ಕಣ್ಣಲ್ಲೇ ಕೇಳಿದೆ. ಒಂದು ಸಲ ತಾಳ ಹಾಕಿದ.

ಆರನೆಯ ವರ್ಷ ಅವಳೇ ಬಾಯಿಬಿಟ್ಟು ಕೇಳಿದಳು. ಅವರಲ್ಲಿ, ನಮ್ಮಲ್ಲಿ, ಗಂಡ ಸತ್ತವಳು ಉಡಿಕೆ ಮಾಡಿಕೊಂಡು ಮತ್ತೆ ಮನೆ ಕಟ್ಟುವುದು ಇದ್ದದ್ದೇ. ಯಾರೂ ಏನೂ ಅನ್ನುವುದಿಲ್ಲ. "ಉಡಿಕಿ ಮಾಡ್ಕೊಳೂಣೇನು?" ಎಂದು ಕೇಳಿದಳು. ಅವನು, "ನೋಡೂಣಂತ" ಎಂದ. ಸುಗ್ಗಿ ಮುಗಿದ ಮೇಲೆ ಮತ್ತೆ ಕೇಳಿದಳು. ಅದೇ ಮಾತು. ಏಳನೆಯ ವರ್ಷ ಅವಳ ತಾಯಿ ಹಾಸಿಗೆ ಹಿಡಿದಳು, ಹೊಲ ನೋಡುವವರಿಲ್ಲ. ತಮ್ಮಂದಿರು ಈ ಬ್ಯಾಸಗಿಯೇ ಕೊನೆ, ಮಳೆಗಾಲಕ್ಕೆ ಊರು ಸೇರೋಣ ಎಂದು ಹಟ ಹಿಡಿದರು. ಅವಳು ಮೂರನೆಯ ಸಲ ಕೇಳಿದಳು. "ಹೂಂ ಅನ್ನು, ಇಲ್ಲಾ ಊಂಹೂಂ ಅನ್ನು. ಊಂಹೂಂ ಅಂದ್ರ ನಾ ಏನ್ ಅಳಾಂಗಿಲ್ಲ. ಗಡ್ಡಿಗಿ ಹೋಗ್ತೀನಿ, ತಿರಗಿ ಬರಾಂಗಿಲ್ಲ" ಎಂದಳು. ಅವನು ದಪ್ಪಿನ ಹುರಿ ಬಿಗಿ ಮಾಡುತ್ತ ಕೂತ.

ಅವತ್ತು ಸಂಜೆ ನನ್ನನ್ನು ಕೇಳಿದ, "ಏನ್ ಮಾಡ್ಲಿ?" ಹನ್ನೊಂದು ವರ್ಷದಲ್ಲಿ ಅವನು ನನ್ನ ಬುದ್ಧಿ ಕೇಳಿದ್ದು ಅದೊಂದೇ ಸಲ. ನಾನು ಹೇಳಿದೆ, "ನೀವಿಬ್ಬರು ಮದಿವ್ಯಾದ್ರ ಮ್ಯಾಳ ಮುರೀತು ಅಂತ ತಿಳಿ. ಗಂಡ ಹೆಂಡ್ತಿ ಜಗಳಾ ನೋಡಾಕ ಮಂದಿ ನಮ್ಮನ್ಯಾಕ ಕರಸ್ತಾರ? ಅದು ಎಲ್ಲಾರ ಮನ್ಯಾಗ ಪುಕಟ ಐತಿ." ಅವನು ನಕ್ಕ. ನಾನೂ ನಕ್ಕೆ. ನನಗೆ ವಕೀಲರ ಅರ್ಜಿ ನಕಲಿಗೆ ಮತ್ತೆ ಹೋಗುವ ಮನಸ್ಸಿರಲಿಲ್ಲ, ಅದಕ್ಕೇ ಹಾಗೆ ಹೇಳಿದೆ. ನನ್ನ ಹೊಟ್ಟೆಯ ಸಲುವಾಗಿ ಇನ್ನೊಬ್ಬರ ಬಾಳಿನ ಮೇಲೆ ನಗೆಚಾಟಿಕೆ ಮಾಡಿದೆ. ಇದನ್ನು ಯಾರಿಗೂ ಹೇಳಿರಲಿಲ್ಲ. ಈಗ ಅವನು ಇಲ್ಲ, ಹೇಳುತ್ತಿದ್ದೇನೆ.

ಮುಂದಿನ ಹಾಡಿಕೆ ಅಳವಂಡಿಯಲ್ಲಿ. ಹೊತ್ತು ಮುಳುಗುವ ಮುಂಚೆ ಮುಗಿಸಬೇಕೆಂದು ಪರವಾನಗಿಯಲ್ಲಿ ಬರೆದಿದ್ದರಿಂದ ಹಗಲು ಹೊತ್ತೇ ಚಾವಡಿ ಮುಂದಿನ ಕಟ್ಟೆಯ ಮೇಲೆ ನಿಂತೆವು. ಮಂದಿ ತುಂಬಿತ್ತು. ಊರ ಹಿರಿಯರಾದ ಗೌಡರು ಎದುರಿಗೇ ಕಂಬಳಿ ಹಾಸಿಕೊಂಡು ಕೂತಿದ್ದರು. ಪುರಾಣ ಕೇಳಿ ಕೇಳಿ ಪಳಗಿದ ಮನುಷ್ಯ. ಸರದಿಯ ಪ್ರಕಾರ ಅವತ್ತು ಸೋಲಬೇಕಾದವಳು ಗಡ್ಡಿಯಾಕಿ. ಬೀಜ ಹೆಚ್ಚೋ ಭೂಮಿ ಹೆಚ್ಚೋ ಎಂಬ ಹಳೆಯ ಸವಾಲು ಹಾಕಬೇಕು, ಇವನು ಜವಾಬು ಹೇಳಬೇಕು, ಅವಳು ಟೆಂಗಿನಕಾಯಿ ಒಪ್ಪಿಸಬೇಕು. ಎಲ್ಲ ಮಾತಾಗಿತ್ತು.

ಅವಳು ಮುಂದೆ ಬಂದು ತನ್ನ ದಪ್ಪನ್ನು ನೆಲಕ್ಕಿಟ್ಟಳು. ಅವಳ ತಮ್ಮಂದಿರೇ ಬೆಚ್ಚಿ ಮುಖ ಮುಖ ನೋಡಿಕೊಂಡರು. ಆಮೇಲೆ ಬರಿಗೈಯಲ್ಲಿ ಹಾಡಿದಳು.

ಏಳು ಹರದಾರಿ ನಡದಿ ನನ್ನ ಜೋಡಿ ಸರಿಸರಿ
ಊರ ಕಂಡ ಕೂಡಲೆ ಹಿಡದಿ ಬ್ಯಾರೆ ದಾರಿ
ಮಳಿ ಬಂದರ ಕೇಳತಿ ನನ್ನ ಕಂಬಳಿ
ಮಂದಿ ಬಂದರ ಆಗತೀನಿ ನಾ ಬರೇ ಗಾಳಿ
ಗಂಡಸು ಹೆಚ್ಚಂತ ಹಾಡಾವ, ಒಂದ ಮಾತ ಹೇಳೊ
ನಿನಗ ನಾ ಯಾರಂತ ಮಂದಿ ಮುಂದ ಹೇಳೊ

ಹಾಡಿನಲ್ಲಿ ಕೇಳಿದರೆ ಇವನು ತಡೆಯಲಾರ, ಜವಾಬು ಹೇಳಿಯೇ ಹೇಳುತ್ತಾನೆ ಎಂದು ಅವಳ ಲೆಕ್ಕ. ಏಳು ವರ್ಷ ನೋಡಿದ್ದಳಲ್ಲ. ದಾರಿಯಲ್ಲಿ ಮೂರು ಸಲ ಕೇಳಿ ಸಿಗದ ಉತ್ತರವನ್ನು ದಪ್ಪು ಪಣಕ್ಕಿಟ್ಟು ಕೇಳಿದಳು. ಬೇರೆ ಯಾರಿಗೂ ಹೊಳೆಯದ ಉಪಾಯ ಅದು.

ಗೌಡರು ಪಕ್ಕದವರಿಗೆ ತಿಳಿಸಿ ಹೇಳಿದರು, "ಇದು ದೇಹ ಆತ್ಮದ ಪ್ರಶ್ನಿ. ಆತ್ಮ ದೇಹಕ್ಕ ಕೇಳಾಕ ಹತ್ತೈತಿ. ಭಾಳ ದೊಡ್ಡ ವಿಚಾರ." ಜನ ಹೌದ್ಹೌದೆಂದು ತಲೆ ಆಡಿಸಿದರು. ಅಷ್ಟು ಮಂದಿಯಲ್ಲಿ ಆ ಹಾಡಿನ ಅರ್ಥ ಗೊತ್ತಿದ್ದವರು ಆರೇ ಜನ, ಆರೂ ಜನ ಕಟ್ಟೆಯ ಮೇಲೆ ನಿಂತಿದ್ದೆವು.

ನಾನು ಸೂರು ಹಿಡಿದೆ. ಮೊದಲ ಸುತ್ತು ಮುಗಿಯಿತು; ಅವನು ಬಾಯಿ ತೆರೆಯಲಿಲ್ಲ. ಎರಡನೆಯ ಸುತ್ತನ್ನು ನಿಧಾನ ಮಾಡಿದೆ. ತಾಳದ ಮುದುಕ ನನ್ನ ಕಡೆ ನೋಡಿ ತಾನೂ ತಾಳ ಇಳಿಸಿದ. ಮೂರನೆಯ ಸುತ್ತನ್ನು ನನ್ನ ಉಸಿರು ಇರುವ ತನಕ ಎಳೆದೆ. ಕುತ್ತಿಗೆಯ ನರ ಉಬ್ಬಿದವು, ಕಣ್ಣಿಗೆ ಕತ್ತಲೆ ಬಂತು. ಅವನ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಹೇಳೋ ಮಾರಾಯ, ಹೇಳಿಬಿಡು, ಮೇಳ ಹಾಳಾಗಿ ಹೋಗಲಿ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಮನಸ್ಸಿನಲ್ಲಿ ಅಂದುಕೊಂಡರೆ ಮುಂದೆ ನಿಂತವನಿಗೆ ಕೇಳುತ್ತದೆಯೇ? ಉಸಿರು ಮುಗಿಯಿತು. ಮುದುಕ ತಾಳ ನಿಲ್ಲಿಸಿದ.

ದಪ್ಪಿನಣ್ಣ ಭುಜದಿಂದ ಹುರಿ ಬಿಚ್ಚಿ ದಪ್ಪನ್ನು ಅವಳ ಮುಂದೆ ಇಟ್ಟ. ಅವಳು ಕೂಡಲೇ ಎತ್ತಿಕೊಳ್ಳಲಿಲ್ಲ. ಇನ್ನೂ ಏನಾದರೂ ಹೇಳಿಯಾನೆಂದು ಅವನ ಮುಖವನ್ನೇ ನೋಡುತ್ತ ನಿಂತಳು. ಅವನು ತನ್ನ ಕಾಲು ನೋಡಿಕೊಳ್ಳುತ್ತಿದ್ದ. ಜನ ಚಪ್ಪಾಳೆ ತಟ್ಟಿದರು. ಗೌಡರು ಎದ್ದು ಬಂದು ಅವಳಿಗೆ ಒಂದು ಕುಬಸದ ಖಣ ಕೊಟ್ಟರು. ಅವಳು ಖಣ ಕಣ್ಣಿಗೊತ್ತಿಕೊಂಡು, ಎರಡೂ ದಪ್ಪು ಎತ್ತಿಕೊಂಡು, ತಮ್ಮಂದಿರ ಜೊತೆ ಗಂಗಾವತಿ ದಾರಿ ಹಿಡಿದಳು.

ಮೇಳ ಅವತ್ತೇ ಮುರಿಯಿತು. ನಾನು ಯಾವುದಕ್ಕೆ ಹೆದರಿದ್ದೆನೋ ಅದೇ ಆಯಿತು, ಮದುವೆಯೊಂದು ಆಗಲಿಲ್ಲ. ಬೇರೆ ದಪ್ಪು ತಂದುಕೊಟ್ಟವರಿದ್ದರು, ಅವನು ಮುಟ್ಟಲಿಲ್ಲ. ತಾಳದ ಮುದುಕ ಅವನನ್ನು ಗಿಣಿಗೇರಾಕ್ಕೆ ಕರೆದುಕೊಂಡು ಹೋಗಿ ತನ್ನ ಹೊಲದಲ್ಲಿಟ್ಟುಕೊಂಡ. ಜೋಳ ತೆನೆಗೆ ಬಂದಾಗ ಅಟ್ಟದ ಮೇಲೆ ನಿಂತು ಹಕ್ಕಿ ಹೊಡೆಯುವುದು ಅವನ ಕೆಲಸ. ಹಕ್ಕಿಗಳನ್ನೂ ರಾಗವಾಗಿ ಕೂಗುತ್ತಿದ್ದುದರಿಂದ ಅವು ಹೆದರುತ್ತಿರಲಿಲ್ಲ ಎಂದು ಮುದುಕನ ಮಗ ದೂರುತ್ತಿದ್ದ. ನಾನು ಸಾಲಿ ಮಾಸ್ತರನಾದೆ. ನಿಜಾಮರ ಕಾಲದ ಕೊನೆಯ ಒಂದೆರಡು ವರ್ಷ ಗಲಾಟೆಗಳಿಂದ ಊರಿಂದ ಊರಿಗೆ ಹೋಗುವುದೇ ಕಷ್ಟವಾಗಿತ್ತು. ಯಾರ ಸುದ್ದಿಯೂ ಯಾರಿಗೂ ಮುಟ್ಟುತ್ತಿರಲಿಲ್ಲ.

ನಿಜಾಮರ ರಾಜ್ಯ ಹೋದ ಮರುವರ್ಷ, ಮಳೆಗಾಲದ ಒಂದು ಬೆಳಿಗ್ಗೆ, ನಾನು ಮಗ್ಗಿ ಹೇಳಿಸುತ್ತಿದ್ದಾಗ ದಪ್ಪಿನಣ್ಣ ಸಾಲಿಯ ಬಾಗಿಲಲ್ಲಿ ಬಂದು ನಿಂತ. ತಲೆ ಬೆಳ್ಳಗಾಗಿತ್ತು. ಒಗೆದ ಅಂಗಿ ಹಾಕಿದ್ದ.

"ಜವಾಬು ಸಿಕ್ಕೈತಿ. ನಡಿ" ಎಂದ.

"ಎದರ ಜವಾಬ?"

"ಎದರದು ಅಂತ ಕೇಳ್ತಿಯಲ್ಲ."

ಅಳವಂಡಿಯ ಹಾಡಿಕೆಗೆ ಅಂದಿಗೆ ಐದು ವರ್ಷ. ಚಪ್ಪಲಿಗೆ ಮೂರು ಸಂತೆ ತೆಗೆದುಕೊಂಡವನು ಇದಕ್ಕೆ ಐದು ವರ್ಷ ತೆಗೆದುಕೊಂಡಿದ್ದು ನನಗೆ ಹೆಚ್ಚೆನಿಸಲಿಲ್ಲ. ಹಿಂದೆ ಸೂರು ಹಿಡಿಯುವವರಿಲ್ಲದೆ ಹೇಳಿದ ಜವಾಬು ಲೆಕ್ಕಕ್ಕೆ ಬರುವುದಿಲ್ಲ, ಅದಕ್ಕೇ ನಾನು ಬೇಕು. ತಾಳದ ಮುದುಕ ಅಷ್ಟರಲ್ಲಿ ತೀರಿಕೊಂಡಿದ್ದ. ಮಕ್ಕಳಿಗೆ ಸೂಟಿ ಕೊಟ್ಟು, ಮನೆಯ ತೊಲೆಗೆ ನೇತುಹಾಕಿದ್ದ ತುಂತುಣಿ ಇಳಿಸಿಕೊಂಡು ಹೊರಟೆ. ದಾರಿಯುದ್ದಕ್ಕೂ ಅವನು ನನ್ನ ಪಕ್ಕಕ್ಕೇ ನಡೆದ. ನನಗೆ ಅದು ರೂಢಿಯಿರಲಿಲ್ಲ, ಎರಡು ಸಲ ಅವನ ಕಾಲು ತುಳಿದೆ.

ಹೊಳೆ ತುಂಬಿತ್ತು. ಗಡ್ಡೆಗೆ ಹರಗೋಲಿನಲ್ಲೇ ಹೋಗಬೇಕು. ಅಂಬಿಗ ನಮ್ಮ ವಯಸ್ಸಿನವನೇ, ಗಟ್ಟಿಮುಟ್ಟಾದ ಆಳು. ನಾಗೇಶಿ ಹಾಡುತ್ತಿದ್ದಳಲ್ಲ, ಅವಳ ಹೊಲ ಯಾವುದು ಎಂದು ದಪ್ಪಿನಣ್ಣ ಕೇಳಿದ್ದಕ್ಕೆ, "ಬರ್ರಿ ಬರ್ರಿ, ನಾನೂ ಅತ್ಲಾಗ ಹೊಂಟೀನಿ. ಬುತ್ತಿ ಮುಟ್ಟಿಸೋದೈತಿ" ಎಂದು ಮುಂದೆ ನಡೆದ.

ಏಳೆಂಟು ಹೆಂಗಸರು ಸಾಲಾಗಿ ಬಾಗಿ ಭತ್ತದ ಸಸಿ ನೆಡುತ್ತಿದ್ದರು. ನೆಡುವವರು ಹಿಂದಕ್ಕೆ ಸರಿಯುತ್ತ ಬರುತ್ತಾರೆ. ನಮಗೆ ಅವರ ಬೆನ್ನು ಕಾಣುತ್ತಿತ್ತು. ಯಾವ ಬೆನ್ನು ಅವಳದೆಂದು ನನಗೆ ತಿಳಿಯಲಿಲ್ಲ. ಅವನಿಗೆ ತಿಳಿಯಿತು. ಬದುವಿನ ಮೇಲೆ ನಿಂತು, ದಪ್ಪಿಲ್ಲದ ಕೈಯನ್ನು ಎದೆಗೆ ಹಿಡಿದು, ಹಾಡಿದ.

ನಾಕು ತಾಲೂಕ ತಿರಗಿ ಹೇಳಿದೆ ಗಂಡಿನ ಹಿರಿತನ
ಅಳವಂಡಿ ಕಟ್ಟಿ ಮ್ಯಾಲ ತಿಳಿತು ನನ್ನ ಕಿರಿತನ
ಯಾರಂತ ಕೇಳಿದ್ದಿ, ಕೇಳ ಈಗ ನನ ಗೆಳತಿ
ಮಂದಿ ಮುಂದ ಹೇಳತೀನಿ, ನೀ ನನ್ನ ಹೇಣತಿ

ನಾನು ಸೂರು ಹಿಡಿದೆ. ಸಾಲಿನಲ್ಲಿ ಒಬ್ಬಳು ಕಿಸಕ್ಕನೆ ನಕ್ಕವಳು ತಟ್ಟನೆ ಬಾಯಿ ಮುಚ್ಚಿಕೊಂಡಳು. ಬಲತುದಿಯವಳ ಕೈ ನಿಂತಿತು. ಮತ್ತೆ ನೆಡತೊಡಗಿದಳು. ಒಂದೊಂದೇ ಹೆಜ್ಜೆ ಹಿಂದಕ್ಕೆ ಇಡುತ್ತ, ನಮಗೆ ಬೆನ್ನು ಮಾಡಿಯೇ, ನಮ್ಮ ಕಡೆಗೆ ಬಂದಳು. ಸಾಲು ಮುಗಿಸಿ ಬದುವಿಗೆ ಮುಟ್ಟಿದ ಮೇಲೆ ಸೊಂಟ ನೆಟ್ಟಗೆ ಮಾಡಿ ತಿರುಗಿದಳು.

"ಜವಾಬು ಸರಿ ಐತಿ" ಎಂದಳು. ಆಮೇಲೆ ಕೆಸರು ಕೈಯಿಂದ ಅಂಬಿಗನ ಕಡೆ ತೋರಿಸಿ, "ಇವರು ನಮ್ಮ ಯಜಮಾನ್ರು. ಉಡಿಕಿ ಆಗಿ ಮೂರು ವರ್ಷ ಆತು" ಎಂದಳು.

ಅಂಬಿಗ ಬುತ್ತಿ ಕೆಳಗಿಟ್ಟು ಕೈ ಮುಗಿದ. "ಛಲೋ ಹಾಡಿದ್ರಿ. ಇಬ್ಬರೂ ಹಿಂಗ ಪದದಾಗ ಜಗಳಾಡ್ತಿದ್ರಂತಲ್ಲ, ಹೇಳ್ಯಾಳ. ತಡೀರಿ, ನಿಮ್ಮ ದಪ್ಪು ತರ್ತೀನಿ" ಎಂದು ಗುಡಿಸಲಿಗೆ ಓಡಿದ. ತಂದು ಕೊಡುವಾಗ ಹೆಮ್ಮೆಯಿಂದ, "ಒಲಿ ಮ್ಯಾಲ ತೂಗು ಹಾಕೀವ್ರಿ, ಒಂಚೂರು ತಂಪು ಹತ್ತಿಲ್ಲ. ಯಾವಾಗರ ಬರ್ತಾರು ಅಂತ ಎಣ್ಣಿ ಹಚ್ಚಸ್ತಿದ್ಲು ನನ್ನ ಕಡಿಂದ" ಎಂದ.

ದಪ್ಪಿನಣ್ಣ ಕೈ ಚಾಚಲಿಲ್ಲ. ಅವಳನ್ನು ನೋಡಿ, "ನಿನ್ನ ಕಡೇನ ಇರ್ಲಿ" ಎಂದ.

"ಹೆಂಗ ಇರ್ತೈತಿ? ನಾ ಇಟ್ಕೊಂಡ್ರ ಸವಾಲು ಇನ್ನಾ ಐತಿ ಅಂದಂಗ ಆಕ್ಕೈತಿ. ಈಗ ಸವಾಲು ಇಲ್ಲಲ್ಲ" ಎಂದಳು. ಗಂಡನ ಕೈಯಿಂದ ದಪ್ಪು ತೆಗೆದುಕೊಂಡು ದಪ್ಪಿನಣ್ಣನ ಎರಡೂ ಕೈಗೆ ಇಟ್ಟಳು. ಅವಳ ಬೆರಳಿನ ಕೆಸರು ಅಂಚಿಗೆ ಹತ್ತಿತು, ಸೆರಗಿನಿಂದ ಒರೆಸಿದಳು. "ಉಂಡು ಹೋಗ್ರಿ. ಸಸಿ ಒಣಗ್ತಾವ, ನಾ ಬರ್ತೀನಿ" ಎಂದು ಗದ್ದೆಗೆ ಇಳಿದಳು.

ನಾವು ಉಣ್ಣಲಿಲ್ಲ. ಹರಗೋಲಿನಲ್ಲಿ ಅವನು ದಪ್ಪನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ, ಮುಖ ನೀರಿನ ಕಡೆ. ಏನಾದರೂ ಮಾತಾಡಬೇಕೆಂದು ಅಂಬಿಗನನ್ನು, ಅವಳು ಈಗಲೂ ಹಾಡುತ್ತಾಳೆಯೇ ಎಂದು ಕೇಳಿದೆ.

"ಕಳೀ ಕೀಳುವಾಗ, ನಾಟಿ ಹಚ್ಚುವಾಗ ಹಾಡ್ತಾಳ್ರಿ" ಎಂದ ಅಂಬಿಗ. "ತನ್ನದೊಂದು ಪದ ಹಾಡೂದಿಲ್ಲ ನೋಡ್ರಿ, ಎಲ್ಲಾ ಇವರವು. ಗಂಡಸು ಹೆಚ್ಚು, ಗಂಡಸು ಹೆಚ್ಚು ಅಂತ ದಿನಾ ಹಾಡ್ತಾಳ. ನನಗಂತೂ ಭಾಳ ಖುಷಿ ಆಕ್ಕೈತ್ರಿ."

ದಂಡೆ ಬಂತು, ನಾನು ಇಳಿದೆ. ದಪ್ಪಿನಣ್ಣ ಕೂತೇ ಇದ್ದ. ಅಂಬಿಗನೇ ಹುಟ್ಟು ಬದಿಗಿಟ್ಟು, ಅವನ ಕೈ ಹಿಡಿದು, ನೀರಿನಿಂದ ಮೇಲಕ್ಕೆ ಹತ್ತಿಸಿ ಬಿಟ್ಟ.